ಮೂತಿ ಮುಳುಗುವ ತೂಕ

ನನ್ನ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದ ಶಸ್ತ್ರವೈದ್ಯರು ಬಹಳ ಸಭ್ಯರು. ಮರುದಿನ ಬೆಳಿಗ್ಗೆ ಹಾಸಿಗೆಯ ಹತ್ತಿರ ಬಂದು ಕೈಕುಲುಕಿ, "ನನ್ನ ಪಾಲಿನ ಕೆಲಸ ಮುಗೀತು ಬೌಕ್ಯೆ, ಇನ್ನು ಉಳಿದದ್ದು ನಿಮ್ಮದು" ಎಂದು ಹೇಳಿ ಹೋದರು. ಅವರ ಪಾಲಿನ ಕೆಲಸಕ್ಕೆ ಐವತ್ತು ನಿಮಿಷ ಹಿಡಿದಿತ್ತು. ನನ್ನ ಪಾಲಿನದು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಬೇಕೆನ್ನಿಸಿತು. ಆದರೆ ಅವರಿಗೆ ಅವಸರವಿದ್ದಂತೆ ಕಂಡಿತು, ನನಗೋ ಯಾರನ್ನೂ ತಡೆದು ನಿಲ್ಲಿಸಿ ಅಭ್ಯಾಸವಿಲ್ಲ.

ಅದು ನವೆಂಬರ್. ಆಗ ನಾನು ನೂರ ಮೂವತ್ತೆಂಟು ಕಿಲೋ. ಹೊಸ ವರ್ಷಕ್ಕೆ ನೂರ ಇಪ್ಪತ್ತೊಂದು, ಮಾರ್ಚ್ ನಡುವಿಗೆ ನೂರ ಒಂಬತ್ತು. ಈ ನೂರ ಒಂಬತ್ತು ನನ್ನ ಮೈಗೆ ಎಷ್ಟು ಹಿಡಿಸಿತೆಂದರೆ ಅದು ಅಲ್ಲೇ ಬಿಡಾರ ಹೂಡಿತು. ಒಂದು ವಾರ ಕಳೆಯಿತು, ಎರಡು ವಾರ, ಐದು ವಾರ. ಒಂದು ದಿನ ಇನ್ನೂರು ಗ್ರಾಂ ಇಳಿಯುತ್ತಿತ್ತು. ಮರುದಿನ ಮುನ್ನೂರು ಗ್ರಾಂ ಏರುತ್ತಿತ್ತು, ಹೇಳದೆ ಕೇಳದೆ ಹೊರಗೆ ಹೋಗಿದ್ದಕ್ಕೆ ಕ್ಷಮೆ ಕೇಳುವ ಹಾಗೆ.

ಮೊದಲು ನಾನು ತೂಕದ ಯಂತ್ರವನ್ನು ಅನುಮಾನಿಸಿದೆ. ಬಚ್ಚಲುಮನೆಯ ನಾಲ್ಕು ಮೂಲೆಯಲ್ಲೂ ಇಟ್ಟು ಹತ್ತಿ ನಿಂತೆ. ಕಿಟಕಿಯ ಕೆಳಗೆ ನಾನು ನೂರು ಗ್ರಾಂ ಹಗುರ, ಹಾಗಾಗಿ ಎರಡು ವಾರ ಅಲ್ಲೇ ನಿಂತೆ. ಆಮೇಲೆ ಒಂದೊಂದು ಲೀಟರಿನ ಹತ್ತು ಮಜ್ಜಿಗೆ ಡಬ್ಬಿಗಳನ್ನು ಪೇರಿಸಿ ತೂಗಿದೆ. ಹತ್ತು ಕಿಲೋ ಆರುನೂರು ಗ್ರಾಂ! ಯಂತ್ರ ಸುಳ್ಳು ಹೇಳುತ್ತಿದೆ ಎಂದು ಒಂದು ಇಡೀ ಮಧ್ಯಾಹ್ನ ಸುಖವಾಗಿದ್ದೆ. ಸಂಜೆ ಮನಸ್ಸು ತಡೆಯದೆ ಖಾಲಿ ಡಬ್ಬಿಯನ್ನೂ ತೂಗಿ, ಮಜ್ಜಿಗೆ ನೀರಿಗಿಂತ ತುಸು ಭಾರವೆಂದು ಓದಿ ತಿಳಿದು, ಕೂಡಿಸಿ ಕಳೆದು ನೋಡಿದೆ. ಯಂತ್ರ ಸರಿಯಾಗಿಯೇ ಇತ್ತು. ಎರಡನೆಯದಾಗಿ ಶಸ್ತ್ರವೈದ್ಯರನ್ನು ಅನುಮಾನಿಸಿದೆ. ಪಕ್ಕದ ಹಾಸಿಗೆಯ ಹೆಂಗಸಿನ ಜಠರವನ್ನೇ ಎರಡು ಸಲ ಕತ್ತರಿಸಿ ನನ್ನದನ್ನು ಹಾಗೇ ಬಿಟ್ಟಿರಬಹುದೆ? ಆದರೆ ಅರ್ಧ ಮೊಟ್ಟೆ ತಿಂದರೆ ಸಾಕು, ಹೊಟ್ಟೆ ಬಿಗಿದು ನಿಲ್ಲುತ್ತಿತ್ತು. ಕೊನೆಗೆ ಅನುಮಾನಿಸಲು ಉಳಿದವಳು ನಾನೊಬ್ಬಳೇ. ಆ ಕೆಲಸದಲ್ಲಿ ನನಗೆ ಬಹಳ ವರ್ಷದ ಅನುಭವವಿದೆ.

ಬೇರೆಯವರಿಗಾದರೆ ಇದು ಬರೀ ಕಿಲೋಗಳ ವಿಷಯ. ನನಗೆ ಇದು ಒಂದು ಕೋಲಿನ ವಿಷಯವಾಗಿತ್ತು.

ನಮ್ಮ ಯೆಲ್ಸಮ್ ಊರಿಗೆ ಒಂದು ಸ್ಕೂಚೆ ಇದೆ, ಹೆಸರು 'ಫ್ರೌ ಹಿಸ್ಕೆ'. ಅಜ್ಜಂದಿರ ಕಾಲದಲ್ಲಿ ಗೊಬ್ಬರ, ಆಲೂಗಡ್ಡೆ ಸಾಗಿಸುತ್ತಿದ್ದ ಚಪ್ಪಟೆ ತಳದ ಕಬ್ಬಿಣದ ಹಾಯಿದೋಣಿ ಅದು. ಈಗ ಗೊಬ್ಬರಕ್ಕೆ ಲಾರಿಗಳಿವೆ. ಹಾಗಾಗಿ ನಾವು ಬೇಸಿಗೆಯಲ್ಲಿ ಎರಡು ವಾರ ಬೇರೆ ಊರುಗಳ ಸ್ಕೂಚೆಗಳ ಜೊತೆ ಪಂದ್ಯಕ್ಕಿಳಿದು ಅದನ್ನು ಓಡಿಸುತ್ತೇವೆ, ಉಳಿದ ಐವತ್ತು ವಾರ ಅದರ ಬಗ್ಗೆ ಜಗಳವಾಡುತ್ತೇವೆ. ನಮ್ಮ ಫ್ರೀಸ್‌ಲಾಂಡಿನ ಸರೋವರಗಳು ದೊಡ್ಡವು, ಆದರೆ ಆಳವಿಲ್ಲ. ಎಲ್ಲಿ ಕೆಸರು ಮೇಲೆದ್ದಿದೆಯೋ ಕಣ್ಣಿಗೆ ಕಾಣದು. ಅದಕ್ಕೇ ದೋಣಿಯ ಮೂತಿಯಲ್ಲಿ ಒಬ್ಬರು ಉದ್ದನೆಯ ಅಳತೆಕೋಲು ಹಿಡಿದು ನಿಂತು, ನೀರಿಗೆ ಚುಚ್ಚಿ ಚುಚ್ಚಿ ಆಳ ಕೂಗಬೇಕು. "ಹದಿನಾರು" ಎಂದರೆ ಒಂದು ಮೀಟರ್ ಅರವತ್ತು ಸೆಂಟಿಮೀಟರ್. ಹನ್ನೊಂದಕ್ಕೆ ಬಂತೆಂದರೆ ದೋಣಿ ಅಡ್ಡಕ್ಕೆ ಜಾರದಂತೆ ಪಕ್ಕದಲ್ಲಿ ನೀರಿಗಿಳಿಸಿದ ಹಲಗೆಯ ರೆಕ್ಕೆ ಕೆಸರಿಗೆ ಕಚ್ಚಿಕೊಂಡು ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಹಿಂದೆ ಚುಕ್ಕಾಣಿ ಹಿಡಿದವನಿಗೆ ಹಾಯಿಯ ಆಚೆ ಏನೂ ಕಾಣುವುದಿಲ್ಲ, ಆ ಕೂಗೊಂದೇ ಅವನಿಗೆ ಕಣ್ಣು. ನನ್ನ ಅಪ್ಪ ಇಪ್ಪತ್ತೆರಡು ವರ್ಷ ಆ ಕೋಲು ಹಿಡಿದಿದ್ದ.

ನಾನು ಹದಿನಾರು ವರ್ಷದಿಂದ ಅದೇ ದೋಣಿಯ ಹಿಂಬದಿಯಲ್ಲಿದ್ದೇನೆ, ದೊಡ್ಡ ಹಾಯಿಯ ಹಗ್ಗ ಎಳೆಯುವ ಮೂವರಲ್ಲಿ ಒಬ್ಬಳಾಗಿ. ಜೋರು ಗಾಳಿಯ ದಿನ ನನಗೆ ತುಂಬ ಮರ್ಯಾದೆ. "ಬೌಕ್ಯೆ, ಗಾಳಿ ಬರೋ ಕಡೆ ಕೂತ್ಕೊಳ್ಳೇ!" ಎಂದು ಕೂಗುತ್ತಾರೆ, ನಾನು ಕೂತರೆ ದೋಣಿ ನೆಟ್ಟಗಾಗುತ್ತದೆ. ಗಾಳಿಯಿಲ್ಲದ ದಿನ ಅದೇ ಜನ ನನ್ನ ಊಟದ ಡಬ್ಬಿ ಎಷ್ಟು ದೊಡ್ಡದಿದೆ ಎಂದು ನೋಡುತ್ತಾರೆ.

ದೋಣಿಯ ನಾಯಕ, ಚುಕ್ಕಾಣಿ ಹಿಡಿಯುವ ಲೋಲ್ಕೆ, ನನ್ನ ದೊಡ್ಡಪ್ಪನ ಮಗ, ಬಿತ್ತನೆ ಆಲೂಗಡ್ಡೆಯ ವ್ಯಾಪಾರಿ. ಹೊಸ ವರ್ಷದ ಕೂಟದಲ್ಲಿ, ಕೋಲು ಹಿಡಿಯುತ್ತಿದ್ದ ವಿಬ್ರೆನ್ ಮಾಮ ತನ್ನ ಮಂಡಿ ಇನ್ನು ಕೇಳುವುದಿಲ್ಲ ಎಂದ. "ಹಾಗಾದ್ರೆ ಕೋಲಿಗೆ ಯಾರು?" ಎಂದು ಲೋಲ್ಕೆ ಕೇಳಿದ. ನಾನು ಕೈ ಎತ್ತಿದೆ. ಎತ್ತಿದ ಮೇಲೆ ನನಗೇ ಗಾಬರಿಯಾಯಿತು, ಆದರೆ ಇಳಿಸುವಷ್ಟರಲ್ಲಿ ಎಲ್ಲರೂ ನೋಡಿಬಿಟ್ಟಿದ್ದರು.

"ನೋಡು ಬೌಕ್ಯೆ," ಎಂದ ಲೋಲ್ಕೆ, "ನಿನ್ ಮೇಲೆ ನಂಗೇನೂ ಇಲ್ಲ. ಆದ್ರೆ ಮೂತಿ ಅನ್ನೋದು ಮೂತಿ. ಅಲ್ಲಿ ನೂರು ಕಿಲೋ ದಾಟಿದೋರು ನಿಂತ್ರೆ ದೋಣಿ ಮೂಗಲ್ಲಿ ನೀರು ಕುಡಿಯುತ್ತೆ."

"ನೂರರೊಳಗೆ ಬಂದ್ರೆ?"

"ಬಂದ್ರೆ ಕೋಲು ನಿಂದು. ಜೂನ್ ಮೊದಲನೇ ಶನಿವಾರ ದೋಣಿ ಸಮತೂಕ ನೋಡ್ತೀವಲ್ಲ, ಅಷ್ಟರೊಳಗೆ ಬಾ. ಇಲ್ದಿದ್ರೆ ನಮ್ ಯಿಲ್ಡೌ ಹಿಡೀತಾಳೆ."

ಯಿಲ್ಡೌ ಅವನ ಸೊಸೆ, ಶಾಲೆಯಲ್ಲಿ ವ್ಯಾಯಾಮ ಕಲಿಸುವವಳು, ಅರವತ್ತೊಂದು ಕಿಲೋ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ವಾರಕ್ಕೆ ಒಂದೂವರೆ ಕಿಲೋ ಎಂದರೂ ಜೂನಿಗೆ ಎಂಬತ್ತೆಂಟು. ಅದೇ ಲೆಕ್ಕ ಮುಂದುವರಿಸಿದರೆ ಇನ್ನೊಂದು ಬೇಸಿಗೆ ಕಳೆಯುವಷ್ಟರಲ್ಲಿ ನಾನೇ ಇರುವುದಿಲ್ಲ ಎಂದೂ ಬರುತ್ತಿತ್ತು. ಅದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ.

ಒಂದೇ ವಾರದಲ್ಲಿ ಆಪರೇಷನ್ ಆದ ಹತ್ತು ಜನರನ್ನು ತಿಂಗಳಿಗೊಮ್ಮೆ ಪಟ್ಟಣದ ಆಸ್ಪತ್ರೆಯಲ್ಲಿ ಗುಂಪಾಗಿ ಕೂರಿಸುತ್ತಾರೆ. ಒಬ್ಬರಿಂದ ಒಬ್ಬರಿಗೆ ಧೈರ್ಯ ಬರಲಿ ಎಂದು. ಏಪ್ರಿಲಿನ ಕೂಟದಲ್ಲಿ ಹಾಲಿನ ಲಾರಿ ಓಡಿಸುವ ಹಾರ್ಮೆನ್ ಎಂಬಾತ ಹೊಸ ಪ್ಯಾಂಟಿನ ಸೊಂಟವನ್ನು ಮುಂದಕ್ಕೆ ಎಳೆದು, ಒಳಗಿನ ಖಾಲಿ ಜಾಗವನ್ನು ಎಲ್ಲರಿಗೂ ತೋರಿಸಿದ.

"ನಲವತ್ತೊಂದು ಕಿಲೋ ಹೋಯ್ತು. ನಾನೇನೂ ಮಾಡ್ತಿಲ್ಲಪ್ಪ, ಅದರಷ್ಟಕ್ಕೆ ಅದು ಇಳೀತಿದೆ. ಮೊನ್ನೆ ಒಂದಿಡೀ ಕರಿದ ಸಾಸೇಜ್ ತಿಂದೆ, ಬೆಳಿಗ್ಗೆ ನೋಡಿದ್ರೆ ಅರ್ಧ ಕಿಲೋ ಕಮ್ಮಿ!"

ಇಂಥವರನ್ನು ಕಂಡು ಸಂತೋಷಪಡುವುದೇ ಗುಂಪಿನ ಉದ್ದೇಶ. ನಾನು ಸಂತೋಷಪಟ್ಟೆ. ದವಡೆ ನೋಯುವಷ್ಟು ಸಂತೋಷಪಟ್ಟೆ.

"ಬೌಕ್ಯೆ, ನಿಮ್ದು?" ಎಂದರು ಆಹಾರ ಸಲಹೆಗಾರ್ತಿ ಮರ್ಲೂಸ್.

"ನೂರ ಒಂಬತ್ತು."

"ಹೋದ ತಿಂಗಳು?"

"ನೂರ ಒಂಬತ್ತು."

"ಪರವಾಗಿಲ್ಲ, ಇದು ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತೆ. ಮೈ ಒಂದು ಚೂರು ಉಸಿರು ತಗೊಳ್ತಾ ಇದೆ ಅಷ್ಟೇ. ದಿನಾ ತೂಕ ನೋಡ್ಬೇಡಿ, ವಾರಕ್ಕೊಂದ್ಸಲ ಸಾಕು. ಸೊಂಟ ಅಳೆದು ಬರ್ಕೊಳ್ಳಿ. ಪ್ರೋಟೀನ್ ದಿನಕ್ಕೆ ಅರವತ್ತು ಗ್ರಾಮಿಗಿಂತ ಇಳಿಸ್ಬೇಡಿ."

ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡು, ಕೆಳಗೆ ಗೆರೆ ಎಳೆದು, ಮನೆಗೆ ಬಂದು ತೂಕ ನೋಡಿದೆ.

ಮೇ ತಿಂಗಳ ಮೊದಲ ಭಾನುವಾರ ಅಮ್ಮನ ಹುಟ್ಟುಹಬ್ಬ. ಮನೆಯ ಕುರ್ಚಿಗಳೆಲ್ಲ ಗೋಡೆಗೆ ಬೆನ್ನು ಹಾಕಿ ಸುತ್ತಲೂ ಕೂತಿದ್ದವು, ಕುರ್ಚಿಗಳ ಮೇಲೆ ನೆಂಟರು ಕೂತಿದ್ದರು. ಒಳಗೆ ಬಂದವರು ಮೊದಲು ಅಮ್ಮನಿಗೆ, ಆಮೇಲೆ ಸುತ್ತಲಿರುವ ಒಬ್ಬೊಬ್ಬರಿಗೂ ಕೈಕೊಟ್ಟು ಅಭಿನಂದನೆ ಹೇಳಬೇಕು. ಅಮ್ಮ ಹುಟ್ಟಿದ್ದರಲ್ಲಿ ನಮ್ಮೆಲ್ಲರ ಕೈವಾಡವೂ ಇದ್ದ ಹಾಗೆ. ಸಿಟ್ಸ್ಕೆ ಅತ್ತೆ ನನ್ನ ಬಳಿ ಬಂದಾಗ ಕೈ ಬಿಡಲೇ ಇಲ್ಲ.

"ಅಮ್ಮನ ಹುಟ್ಟುಹಬ್ಬಕ್ಕೆ ಅಭಿನಂದನೆ ಕಣೇ. ಎಷ್ಟಾಯ್ತು ಈಗ?"

"ಎಪ್ಪತ್ತೈದು."

"ಅಯ್ಯೋ ಅವಳದ್ದಲ್ವೇ, ನಿಂದು."

"ನೂರ ಒಂಬತ್ತು."

"ಈಸ್ಟರ್‌ಗೂ ಅಷ್ಟೇ ಅಂದಿದ್ಯಲ್ಲ?"

"ಹೌದತ್ತೆ. ಇಷ್ಟ ಆಯ್ತು, ಇಟ್ಕೊಂಡಿದೀನಿ."

ಅತ್ತೆ ನಗಲಿಲ್ಲ. "ನಮ್ ಪಕ್ಕದ್ಮನೆ ಯಾನ್ ಇದ್ನಲ್ಲ, ಅವನ ಭಾವ. ಆಪರೇಷನ್ನೂ ಇಲ್ಲ, ಏನೂ ಇಲ್ಲ. ಸಂಜೆ ಹೊತ್ತು ಬ್ರೆಡ್ ಬಿಟ್ಟ ನೋಡು, ಇಪ್ಪತ್ತು ಕಿಲೋ ಹೋಯ್ತು."

"ಅವನು ಹೋದ ವರ್ಷ ತೀರ್ಕೊಂಡ್ನಲ್ಲ ಅತ್ತೆ?"

"ಅದು ಬೇರೆ ಕಾರಣಕ್ಕೆ."

ಗುಲಾಬಿ ಬಣ್ಣದ ಸಕ್ಕರೆ ಬಳಿದ ಕೇಕ್ ಬಂತು. ಅಮ್ಮ ನನ್ನ ತಟ್ಟೆಗೆ ಅರ್ಧ ತುಂಡು ಹಾಕಿ, "ಮುಟ್ಟಿದ ಹಾಗೆ ಮಾಡು ಸಾಕು, ಜನ ನೋಡ್ತಿರ್ತಾರೆ" ಎಂದಳು. ನಾನು ಒಂದು ಚಮಚ ಬಾಯಿಗಿಟ್ಟೆ. ಎಡಗಡೆಯಿಂದ, "ಅದಕ್ಕೇ ಮತ್ತೆ ಇಳೀತಿಲ್ಲ" ಎಂಬ ಪಿಸುಮಾತು ಕೇಳಿಸಿತು. ಚಮಚ ಕೆಳಗಿಟ್ಟೆ. ಬಲಗಡೆಯಿಂದ, "ಪಾಪ, ಅಷ್ಟು ಪ್ರೀತಿಯಿಂದ ಮಾಡಿದಾಳೆ, ಮುಟ್ಟೋದೂ ಇಲ್ಲ" ಎಂದು ಕೇಳಿಸಿತು. ಸುತ್ತಲೂ ಕುರ್ಚಿ ಹಾಕುವುದರ ಅನುಕೂಲ ಇದು. ಯಾರ ಅಭಿಪ್ರಾಯವೂ ನಮ್ಮನ್ನು ತಲುಪದೆ ಹೋಗುವುದಿಲ್ಲ.

ತಟ್ಟೆ ತೊಳೆಯುವಾಗ ಅಮ್ಮ ನನ್ನ ಕಡೆ ತಿರುಗದೆ ಕೇಳಿದಳು. "ನಿಂಗೆ ಆ ಕೋಲು ಯಾಕೆ ಬೇಕೇ? ಹಿಂದೆ ಆರಾಮಾಗಿ ಕೂತಿದೀಯಲ್ಲ."

"ಗೊತ್ತಿಲ್ಲಮ್ಮ," ಎಂದೆ.

ಗೊತ್ತಿತ್ತು. ಹಿಂದೆ ಕೂತವಳನ್ನು ಅವರು ಎಲ್ಲಿ ಬೇಕೋ ಅಲ್ಲಿ ಇಡುತ್ತಾರೆ, ಮರಳಿನ ಚೀಲ ಇಟ್ಟ ಹಾಗೆ. ಮುಂದೆ ನಿಂತವಳು ಬಾಯಿ ಬಿಟ್ಟರೆ ದೋಣಿಯೇ ತಿರುಗುತ್ತದೆ. ನಲವತ್ತೇಳು ವರ್ಷದಲ್ಲಿ ನನ್ನ ಮಾತಿಗೆ ಬಾಗಿಲು ಕೂಡ ತಿರುಗಿದ್ದು ನೆನಪಿಲ್ಲ.

ಆ ಹುಟ್ಟುಹಬ್ಬ ಮುಗಿದ ಮೇಲೆ ನಾನು ಬಹಳ ಬುದ್ಧಿವಂತಿಕೆಯ ಒಂದು ನಿರ್ಧಾರ ಮಾಡಿದೆ. ಹೇಳಿದ್ದರಲ್ಲಿ ಅರ್ಧ ತಿಂದರೆ ಎರಡರಷ್ಟು ಇಳಿಯಬೇಕಲ್ಲ? ಪ್ರೋಟೀನ್ ಅರವತ್ತರಿಂದ ಮೂವತ್ತಕ್ಕೆ ತಂದೆ, ಆಮೇಲೆ ಇಪ್ಪತ್ತೈದಕ್ಕೆ. ನಾನು ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುವವಳು. ಕೆಲಸ ಮುಗಿದ ಮೇಲೆ ಅದೇ ಕೊಳದಲ್ಲಿ ಮುಕ್ಕಾಲು ಗಂಟೆ ಈಜಿದೆ. ಬಾಚಣಿಗೆಗೆ ಕೂದಲು ಸುತ್ತಿಕೊಂಡು ಬರತೊಡಗಿತು. ಒಂದು ಬೆಳಿಗ್ಗೆ ಕಿಟಕಿಯ ಹಿಂದೆ ಕೂತವಳು ಕಣ್ಣು ಕತ್ತಲಾಗಿ ಟಿಕೆಟ್ ಯಂತ್ರದ ಮೇಲೆ ಹಣೆಯಿಟ್ಟೆ. ಯಂತ್ರ ಹದಿನೇಳು ಮಕ್ಕಳ ಟಿಕೆಟ್ ಕಕ್ಕಿತು. ತೂಕ ನೂರ ಒಂಬತ್ತು.

ಮರ್ಲೂಸ್ ತಮ್ಮ ಕೋಣೆಗೆ ಕರೆಸಿದರು. ನನ್ನ ಊಟದ ಪುಸ್ತಕ ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು.

"ಇಪ್ಪತ್ತೈದು ಗ್ರಾಂ? ನಾನು ಅರವತ್ತು ಅಂದಿದ್ದೆ."

"ಗೊತ್ತು. ಅರವತ್ತು ಬೇರೆಯವರಿಗಿರಬಹುದು ಅನ್ನಿಸ್ತು. ನಾನು ಇನ್ನೂ ಸ್ವಲ್ಪ ಶ್ರದ್ಧೆ ತೋರಿಸಬೇಕೇನೋ ಅಂತ..."

"ಬೌಕ್ಯೆ, ಇದು ಶ್ರದ್ಧೆ ಅಲ್ಲ, ಉಪವಾಸ. ಹೀಗೆ ಮಾಡಿದ್ರೆ ಮೊದಲು ಕರಗೋದು ಸ್ನಾಯು. ಸುಸ್ತಾಗಿ ದಿನವೆಲ್ಲ ಅಲುಗಾಡೋದೂ ಕಮ್ಮಿ ಆಗುತ್ತೆ, ಮೈ ಕಡಿಮೆಯಲ್ಲೇ ಸಂಸಾರ ತೂಗಿಸೋದನ್ನ ಕಲಿತುಬಿಡುತ್ತೆ. ಸೊಂಟ ಅಳೆದ್ರಾ?"

"ಇಲ್ಲ. ಲೋಲ್ಕೆ ಸೊಂಟ ಕೇಳಿಲ್ಲ."

"ಲೋಲ್ಕೆ ಯಾರು? ನಿಮ್ಮ ಡಾಕ್ಟರಾ?"

"ಆಲೂಗಡ್ಡೆ ಮಾರ್ತಾನೆ."

ಅವರು ಟೇಪು ತೆಗೆದರು. ಮಾರ್ಚಿನ ಅಳತೆ ಅವರ ಕಡತದಲ್ಲಿತ್ತು. ಒಂಬತ್ತು ಸೆಂಟಿಮೀಟರ್ ಕಡಿಮೆಯಾಗಿತ್ತು. ಒಂದು ಗ್ರಾಂ ಇಳಿಯದೆ ಒಂಬತ್ತು ಸೆಂಟಿಮೀಟರ್ ಎಲ್ಲಿಗೆ ಹೋಯಿತು ಎಂದು ನಾನು ಕೇಳಿದೆ. ಟೇಪು ಸರಿಯಿದೆಯೆ ಎಂದೂ ಕೇಳಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, "ಮನೆಗೆ ಹೋಗಿ ಮೊಟ್ಟೆ ತಿನ್ನಿ" ಎಂದರು.

ತಿಂದೆ. ಅರವತ್ತು ಗ್ರಾಂ ತುಂಬುವಷ್ಟು ಮೊಟ್ಟೆ, ಮೀನು, ಗಟ್ಟಿ ಮೊಸರು, ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿದು. ನೀರು ತುಂಬಿದ ಎರಡು ಬಕೆಟ್ ಹಿಡಿದು ಕೊಳದ ಸುತ್ತ ನಡೆದೆ. ಕಣ್ಣು ಕತ್ತಲಾಗುವುದು ನಿಂತಿತು, ಕೆಲವು ದಿನ ನಡೆಯುತ್ತಾ ನಡೆಯುತ್ತಾ ಓಡತೊಡಗಿದ್ದು ನನಗೇ ತಿಳಿಯುತ್ತಿರಲಿಲ್ಲ. ಮೈ ಏನೋ ಮಾಡುತ್ತಿತ್ತು. ಏನು ಎಂದು ಯಂತ್ರಕ್ಕೆ ಮಾತ್ರ ಹೇಳುತ್ತಿರಲಿಲ್ಲ.

ಜೂನ್ ಮೊದಲನೇ ಶನಿವಾರ ಬಂತು. ಅಂದು ನಾಯಕನನ್ನು ಬಿಟ್ಟು ಉಳಿದ ಹದಿಮೂರು ಜನರೂ ದೋಣಿಯಲ್ಲಿ ತಮ್ಮ ತಮ್ಮ ಜಾಗದಲ್ಲಿ ನಿಲ್ಲಬೇಕು. ಲೋಲ್ಕೆ ಪುಟ್ಟ ಹುಟ್ಟುದೋಣಿಯಲ್ಲಿ ಸುತ್ತು ಹಾಕಿ, ಮೂತಿಯ ಮೇಲೆ ಬಳಿದ ಬಿಳಿ ಗೆರೆ ನೀರಿನಿಂದ ಎಷ್ಟು ಬೆರಳು ಮೇಲಿದೆ ಎಂದು ನೋಡುತ್ತಾನೆ. ಈ ಸಲ ಅವನು ಆಲೂಗಡ್ಡೆ ತೂಗುವ ಯಂತ್ರವನ್ನೂ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದ, ನನಗಾಗಿ. ನಾನು ದಡದ ಕಲ್ಲಿನ ಮೇಲೆ, ಎಲ್ಲರ ಮುಂದೆ, ಅದರ ಮೇಲೆ ಹತ್ತಿದೆ.

"ನೂರ ಎಂಟು ಪಾಯಿಂಟ್ ಎಂಟು," ಎಂದು ಓದಿದ ಲೋಲ್ಕೆ. ಯಾರೋ ಗಂಟಲು ಸರಿಮಾಡಿಕೊಂಡರು.

"ಬೂಟು ಬಿಚ್ತೀಯಾ?" ಎಂದ ಅವನು, ಮೆಲ್ಲಗೆ.

"ಬೂಟು ಬಿಚ್ಚಿದ್ರೆ ನೂರಾಗಲ್ಲ ಲೋಲ್ಕೆ."

"ಜಾಕೆಟ್ಟು?"

"ಬೇಡ ಬಿಡು."

ಜನ ದೊಡ್ಡ ಮನಸ್ಸು ತೋರಿಸಿದರು. ಬೆನ್ನು ತಟ್ಟಿದರು. ಮುಂದಿನ ಹಾಯಿ ನೋಡಿಕೊಳ್ಳುವ ಹಿಲ್ಕೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇನ್ನೊಂಚೂರು ಮನಸ್ಸು ಗಟ್ಟಿ ಮಾಡ್ಬೇಕಿತ್ತು ಕಣೇ, ಎಲ್ಲಾ ಇರೋದು ಮನಸ್ಸಲ್ಲೇ" ಎಂದ. ಯಿಲ್ಡೌ ನನ್ನ ಕಡೆ ನೋಡದೆ ದೋಣಿ ಹತ್ತಿ ಮೂತಿಗೆ ಹೋದಳು. ಲೋಲ್ಕೆ ಹುಟ್ಟುದೋಣಿಯಿಂದ ಕೂಗಿದ: "ಎರಡು ಬೆರಳು! ಸಾಲದು, ಆದ್ರೂ ನಡೆಯುತ್ತೆ."

ನಾನು ಹಿಂಬದಿಗೆ ಹೋಗಿ ನನ್ನ ಹಗ್ಗದ ಹತ್ತಿರ ಕೂತೆ. ಅಳು ಬರಲಿಲ್ಲ. ಐದು ತಿಂಗಳು ಒಂದು ಬಾಗಿಲನ್ನು ತಳ್ಳಿ, ಅದು ಬಾಗಿಲಲ್ಲ ಗೋಡೆ ಎಂದು ತಿಳಿದಾಗ ಬರುವ ಆಯಾಸ ಬಂತು. ಆಗ ದಡದ ಮೇಲಿಂದ ವಿಬ್ರೆನ್ ಮಾಮ ಕೂಗಿದ. "ಬೌಕ್ಯೆ, ಮುಂದಿನ ಗೂಡಲ್ಲಿ ನನ್ನ ಹಳೇ ಉಣ್ಣೆ ಟೋಪಿ ಬಿದ್ದಿದೆ, ತಂದುಕೊಡ್ತೀಯಾ? ನನ್ ಮಂಡಿ ಇಳಿಯೋಕೆ ಬಿಡಲ್ಲ."

ಮೂತಿಯ ಕೆಳಗೆ ಒಂದು ಕತ್ತಲೆ ಗೂಡಿದೆ. ಅದರ ಬಾಯಿ ಎಷ್ಟು ಕಿರಿದೆಂದರೆ ಹದಿನಾರು ವರ್ಷದಲ್ಲಿ ಯಾರೂ ನನ್ನನ್ನು ಅಲ್ಲಿಗೆ ಇಳಿಯಲು ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಈಗ ಇಳಿದೆ. ಸೊಂಟ ಎರಡೂ ಕಡೆ ತಗುಲಿತು, ಸಿಕ್ಕಿಕೊಳ್ಳಲಿಲ್ಲ. ಟೋಪಿ ಒಂದು ಬಿಯರ್ ಪೆಟ್ಟಿಗೆಯ ಮೇಲಿತ್ತು. ಆ ಪೆಟ್ಟಿಗೆ ಇನ್ನೊಂದು ಪೆಟ್ಟಿಗೆಯ ಮೇಲಿತ್ತು. ಒಟ್ಟು ಎಂಟು, ಒಂದೊಂದರಲ್ಲೂ ಇಪ್ಪತ್ತನಾಲ್ಕು ತುಂಬಿದ ಬಾಟಲಿ.

ಇದು ಎಲ್ಲರಿಗೂ ಗೊತ್ತಿರುವ ವಿಷಯವೇ ಇರಬೇಕು ಎನ್ನಿಸಿತು. ದೋಣಿಯ ಭಾರದ ಲೆಕ್ಕದಲ್ಲಿ ಬಿಯರಿಗೆ ಏನೋ ವಿನಾಯಿತಿಯಿದ್ದು, ನನಗೆ ಮಾತ್ರ ತಿಳಿದಿಲ್ಲವೇನೋ ಎನ್ನಿಸಿತು. ಬಾಯಿ ಬಿಟ್ಟರೆ ನಗುತ್ತಾರೆ ಎಂಬುದಂತೂ ಖಚಿತವಿತ್ತು. ಆದರೆ ಏಳು ತಿಂಗಳಿಂದ ಕೈಗೆ ಸಿಕ್ಕಿದ್ದನ್ನೆಲ್ಲ ತೂಗುತ್ತಾ ಬಂದ ಹೆಂಗಸಿನ ಕೈ ಸುಮ್ಮನಿರುವುದಿಲ್ಲ. ಒಂದು ಪೆಟ್ಟಿಗೆಯನ್ನು ಮೇಲಕ್ಕೆತ್ತಿದೆ, ದಡಕ್ಕೆ ಹೊತ್ತು ತಂದೆ, ಆಲೂಗಡ್ಡೆ ಯಂತ್ರದ ಮೇಲಿಟ್ಟೆ.

"ಏನ್ ಮಾಡ್ತಿದೀಯೇ?" ಎಂದ ಹಿಲ್ಕೆ.

"ಹದಿನಾರು ಕಿಲೋ ಇನ್ನೂರು ಗ್ರಾಂ," ಎಂದೆ. "ಕೆಳಗೆ ಇಂಥವು ಇನ್ನೂ ಏಳಿವೆ. ಇದೊಂದನ್ನ ಮೂತಿಯಿಂದ ತೆಗೆದ್ರೆ, ಅಲ್ಲಿ ನಾನು ನಿಂತ್ರೂ ತೊಂಬತ್ತೆರಡು ಪಾಯಿಂಟ್ ಆರು."

"ಬಿಯರ್ ಬೇರೆ, ನೀನು ಬೇರೆ."

"ದೋಣಿಗೆ ಅದು ಗೊತ್ತಾ?"

"ಅದು ಯಾವಾಗ್ಲೂ ಅಲ್ಲೇ ಇರೋದು. ಅಲ್ಲಿ ತಣ್ಣಗಿರುತ್ತೆ."

"ನಾನೂ ಯಾವಾಗ್ಲೂ ದಪ್ಪಗೇ ಇದ್ದೆ ಹಿಲ್ಕೆ."

ಎಂಟು ಪೆಟ್ಟಿಗೆ ಎಂದರೆ ನೂರ ಇಪ್ಪತ್ತೊಂಬತ್ತು ಕಿಲೋ ಆರುನೂರು ಗ್ರಾಂ. ಅಂದರೆ ಮೂತಿಯಲ್ಲಿ ಈಗಾಗಲೇ ನನಗಿಂತ ದಪ್ಪನೆಯವಳೊಬ್ಬಳು ವರ್ಷಗಟ್ಟಲೆ ಕೂತಿದ್ದಳು. ಅವಳನ್ನು ಯಾರೂ ಯಂತ್ರ ಹತ್ತಿಸಿರಲಿಲ್ಲ, ಕೇಕ್ ತಿಂದೆಯಾ ಎಂದು ಕೇಳಿರಲಿಲ್ಲ.

ವಿಬ್ರೆನ್ ಮಾಮ ಟೋಪಿ ಮರೆತು ನಗತೊಡಗಿದ. "ಲೋಲ್ಕೆ, ಆ ಪೆಟ್ಟಿಗೆಗಳ ಮೇಲೆ ನಾನು ಹದಿಮೂರು ವರ್ಷ ನಿಂತಿದ್ದೆ ಕಣೋ! 'ಮೂತಿ ಭಾರ ಆಗ್ತಿದೆ, ಊಟ ಕಮ್ಮಿ ಮಾಡು ಮಾಮ' ಅಂತ ನೀನು ಪ್ರತಿ ವರ್ಷ ಬೈತಿದ್ದೆ. ನಾನು ಮಾಡ್ದೆ ಕೂಡ!"

ಆಮೇಲೆ ಚರ್ಚೆ ಶುರುವಾಯಿತು. ಮನಸ್ಸು ಮಾಡಿದರೆ ಏನು ಬೇಕಾದರೂ ಬಿಡಬಹುದು ಎಂದು ಐದು ತಿಂಗಳಿಂದ ನನಗೆ ಹೇಳಿಕೊಡುತ್ತಿದ್ದವರು, ಎಂಟು ಬಿಯರ್ ಪೆಟ್ಟಿಗೆಯನ್ನು ಹನ್ನೆರಡು ಮೀಟರ್ ಹಿಂದಕ್ಕೆ ಸರಿಸಲು ಮನಸ್ಸು ಮಾಡುವುದಕ್ಕೆ ನಲವತ್ತು ನಿಮಿಷ ತೆಗೆದುಕೊಂಡರು. ಹಿಂದೆ ಬಿಸಿಲು ಬೀಳುತ್ತದೆ ಎಂದರು. ಗೆದ್ದ ತಕ್ಷಣ ಕೈಗೆ ಸಿಗಬೇಕಲ್ಲ ಎಂದರು.

"ಗೆದ್ದು ಎಷ್ಟು ವರ್ಷ ಆಯ್ತು?" ಎಂದು ಕೇಳಿದಳು ಯಿಲ್ಡೌ.

"ಒಂದೇ ಸಲ ಎಲ್ಲಾ ತೆಗೆಯೋದು ಒಳ್ಳೇದಲ್ಲ," ಎಂದ ಹಿಲ್ಕೆ. "ಈ ವರ್ಷ ಎರಡು ತೆಗೆಯೋಣ. ಅಭ್ಯಾಸ ಆದ್ಮೇಲೆ ನೋಡೋಣ."

"ನಿಧಾನಕ್ಕೆ ಇಳಿಸೋದು ಕಷ್ಟ ಕಣೋ," ಎಂದೆ. "ನಡುವೆ ನಿಂತುಬಿಡುತ್ತೆ."

ಲೋಲ್ಕೆ ಇಷ್ಟು ಹೊತ್ತೂ ಹುಟ್ಟುದೋಣಿಯಲ್ಲೇ ಕೂತು ಬಿಳಿ ಗೆರೆಯನ್ನು ನೋಡುತ್ತಿದ್ದ. ಅವನು ಕೆಟ್ಟವನಲ್ಲ. ಎಲ್ಲರೂ ಯಾವಾಗಲೂ ಮಾಡುತ್ತಿದ್ದುದನ್ನೇ ಮಾಡುತ್ತಿದ್ದ.

"ನಾನು ನೂರರೊಳಗೆ ಅಂದಿದ್ದೆ," ಎಂದ. "ಅಂದಿದ್ದು ಅಂದಿದ್ದೇ."

"ಹೌದು."

"ಆದ್ರೆ ಅಂದಿದ್ದು ಮೂತಿಗೋಸ್ಕರ. ನಿನ್ನನ್ನ ಅಳೆಯೋದು ನನ್ ಕೆಲಸ ಅಲ್ಲ." ಅವನ ಕಿವಿ ಕೆಂಪಾಗಿತ್ತು. "ಎಲ್ಲಾ ಪೆಟ್ಟಿಗೆ ಹಿಂದಕ್ಕೆ ಹಾಕ್ರೋ. ಬೌಕ್ಯೆ, ಹೋಗಿ ನಿಂತ್ಕೋ."

ಹಾಕಿದರು. ನಿಂತೆ. ಅವನು ಗೆರೆಯ ಪಕ್ಕ ಬೆರಳಿಟ್ಟು ನೋಡಿದ, ಇನ್ನೊಂದು ಸಲ ನೋಡಿದ.

"ಮೂರು ಬೆರಳು," ಎಂದ.

ಯಿಲ್ಡೌ ಕೋಲನ್ನು ನನ್ನ ಕೈಗೆ ಕೊಟ್ಟು, "ನಾನು ಹಗ್ಗಕ್ಕೆ ಹೋಗ್ತೀನಿ ಮಾವ, ಈ ಕೆಸರಿನ ವಾಸನೆ ನಂಗಾಗಲ್ಲ" ಎಂದಳು. ನಿಜವೋ ಸುಳ್ಳೋ ನಾನು ಇವತ್ತಿಗೂ ಕೇಳಿಲ್ಲ.

"ಈಗ್ಲೇ ಒಂದು ಸುತ್ತು ಹೋಗಿ ಬರೋಣ," ಎಂದ ಲೋಲ್ಕೆ. "ಕೆಸರಿಗೆ ಹಾಕಿದ್ರೆ ಮಾತ್ರ ಮತ್ತೆ ಕೇಳಬೇಡ. ಬಿಯರ್ ಮುಂದೆ, ನೀನು ಹಿಂದೆ."

ಗಾಳಿ ಹದವಾಗಿತ್ತು. ದೊಡ್ಡ ಹಾಯಿ ತುಂಬಿಕೊಂಡಿತು, ದೋಣಿ ವಾಲಿತು, ಸರೋವರ ನನ್ನ ಬೂಟಿನ ಪಕ್ಕದಲ್ಲೇ ಹರಿಯತೊಡಗಿತು. ಕೋಲು ಚುಚ್ಚಿದೆ, ಎಳೆದೆ, ಮುಂದಕ್ಕೆಸೆದು ಮತ್ತೆ ಚುಚ್ಚಿದೆ. "ಹದಿನೆಂಟು! ಹದಿನೆಂಟು! ಹದಿನೇಳು!" ಹಿಂದಿನಿಂದ ಏನೂ ಉತ್ತರವಿಲ್ಲ. ಎಲ್ಲ ಸರಿಯಿದ್ದರೆ ಉತ್ತರ ಬರುವುದಿಲ್ಲ.

ಉತ್ತರದ ದಡ ಹತ್ತಿರವಾದಂತೆ ಸಂಖ್ಯೆ ಇಳಿಯತೊಡಗಿತು. "ಹದಿನೈದು! ಹದಿನಾಲ್ಕು!" ನನ್ನ ಮೈಯಲ್ಲಿ ಹನ್ನೊಂದು ವಾರ ಬೇಡಿಕೊಂಡರೂ ಇಳಿಯದ ಸಂಖ್ಯೆ, ಇಳಿಯಬಾರದ ಕಡೆ ಎಷ್ಟು ಸಲೀಸಾಗಿ ಇಳಿಯುತ್ತಿತ್ತು!

"ಹದಿಮೂರು!"

"ಸರಿಯಾಗಿ ನೋಡೇ!" ಎಂದು ಹಾಯಿಯ ಆಚೆಯಿಂದ ಲೋಲ್ಕೆಯ ಧ್ವನಿ ಬಂತು. "ಅಲ್ಲಿ ಯಾವಾಗ್ಲೂ ಹದಿನೈದಿರುತ್ತೆ!"

ಯಾವಾಗಲೂ ಹದಿನೈದಿರುತ್ತದೆ. ಲೋಲ್ಕೆಗೆ ಈ ಸರೋವರ ತನ್ನ ಅಂಗಳದಷ್ಟು ಪರಿಚಯ. ಕೋಲು ಓರೆಯಾಗಿ ಚುಚ್ಚಿದೆನೆ? ಗುರುತು ತಪ್ಪಾಗಿ ಓದಿದೆನೆ? ಇನ್ನೊಂದು ಸಲ ಅಳೆದು, ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿ, ಕೂಡಿಸಿ ಕಳೆದು ಹೇಳೋಣವೆ? ಅಷ್ಟರಲ್ಲಿ ಕೈ ತಾನಾಗಿ ಮತ್ತೆ ಚುಚ್ಚಿತ್ತು. ಕೋಲಿನ ತುದಿ ಮೆತ್ತಗೆ ಹೂತು ನಿಂತದ್ದು ಅಂಗೈಗೆ ತಿಳಿಯಿತು. ಯಾರ ಅಭಿಪ್ರಾಯವೂ ಬೇಕಿಲ್ಲದಷ್ಟು ಸ್ಪಷ್ಟವಾಗಿ ತಿಳಿಯಿತು.

"ಹನ್ನೆರಡು!" ಎಂದು ಕಿರುಚಿದೆ. "ಹನ್ನೆರಡು ಅಂದ್ರೆ ಹನ್ನೆರಡು! ತಿರುಗ್ಸೋ!"

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಚುಕ್ಕಾಣಿ ಕಿರ್ರೆಂದಿತು. ಹಾಯಿ ಒಮ್ಮೆ ಬಡಿದುಕೊಂಡು ತಲೆಯ ಮೇಲೆ ಹಾದುಹೋಯಿತು. ಇಪ್ಪತ್ತು ಮೀಟರ್ ಉದ್ದದ ಕಬ್ಬಿಣ, ಹದಿನಾಲ್ಕು ಜನ, ಎಂಟು ಪೆಟ್ಟಿಗೆ ಬಿಯರ್, ಎಲ್ಲವೂ ನಿಧಾನವಾಗಿ ನನ್ನ ಮಾತಿನ ಕಡೆಗೆ ತಿರುಗಿತು. ಎಡಗಡೆಯ ರೆಕ್ಕೆಯ ಹಿಂದೆ ನೀರು ಕಂದು ಬಣ್ಣಕ್ಕೆ ಕದಡಿ ಮೇಲೆದ್ದದ್ದು ಎಲ್ಲರಿಗೂ ಕಾಣಿಸಿತು. ಹಿಲ್ಕೆ ಅದನ್ನು ನೋಡಿದ, ನನ್ನನ್ನು ನೋಡಿದ, ತನ್ನ ಹಾಯಿಯ ಹಗ್ಗವನ್ನು ಬಹಳ ಗಮನವಿಟ್ಟು ನೋಡತೊಡಗಿದ.

"ಮುಂದೆ?" ಎಂದು ಹಿಂದಿನಿಂದ ಲೋಲ್ಕೆ ಕೇಳಿದ. "ಬೌಕ್ಯೆ, ಈಗ ಎಷ್ಟು?"

ನಾನು ಆಗಲೇ ಕೋಲು ಚುಚ್ಚಿದ್ದೆ.

"ಹದಿಮೂರು," ಎಂದು ಕೂಗಿದೆ. "ಹೀಗೇ ಹೋಗು."